ಇಂಟ್ರೋದಿಂದ ಹುದ್ದೆ ತೆಗೆದೆ, ಸುದ್ದಿ ಉಳಿಯಿತು

ಕೋಲಾರದಿಂದ ಪತ್ರಿಕೆಯ ಜಿಲ್ಲಾ ಪುಟಕ್ಕೆ ಬರೆಯುವವರಿಗೆ ಗೊತ್ತು, ಜಾಗ ಸಾಲದಿದ್ದರೆ ಕಚೇರಿಯಲ್ಲಿ ಸುದ್ದಿ ತಿದ್ದುವ ಡೆಸ್ಕ್‌ನವರು ಕತ್ತರಿಸುವುದು ಕೊನೆಯಿಂದ. ನಮ್ಮ ಸಭೆ ಸುದ್ದಿಗಳ ತಿರುಳು ಇರುತ್ತಿದ್ದದ್ದೂ ಅಲ್ಲೇ. ಇಂಟ್ರೋ, ಅಂದರೆ ಸುದ್ದಿಯ ಮೊದಲ ವಾಕ್ಯದ ತುಂಬ ಹುದ್ದೆ, ಸಭಾಂಗಣ, ಅಧ್ಯಕ್ಷತೆ. ಕ್ರಿಯಾಪದ ಬರುವಷ್ಟರಲ್ಲಿ ಓದುಗ ಪುಟ ತಿರುಗಿಸಿರುತ್ತಾನೆ.

ಮೊದಲು ಪ್ರಶ್ನೆಯಿಂದ ಶುರು ಮಾಡಿ ನೋಡಿದೆ: 'ಟೊಮೆಟೊ ಬೆಳೆಗಾರರ ಗತಿಯೇನು?' ಕಿತ್ತು ಹಾಕಿದರು. ಮುಂಜಾನೆಯ ಮಂಜು, ಹರಾಜಿನ ಗದ್ದಲ ಅಂತ ವರ್ಣಿಸಿದೆ. ಅದೂ ಹೋಯಿತು. ಅಚ್ಚಾದ ಅಳತೆಗೆ ದುಡ್ಡು ಕೊಡುವ ಕೆಲಸ ಇದು. ಆ ತಿಂಗಳು ಬಂದದ್ದು ಎರಡು ಸಾವಿರದ ಆಸುಪಾಸು, ಪೆಟ್ರೋಲಿಗೂ ಸಾಲಲಿಲ್ಲ.

ಆಮೇಲೆ ಹಿಡಿದ ದಾರಿ ಇದು. ಮೊದಲ ವಾಕ್ಯ ಹತ್ತು-ಹನ್ನೆರಡು ಪದದೊಳಗೆ. ಓದುವವರ ಜೇಬಿಗೋ ಹೊಲಕ್ಕೋ ತಟ್ಟುವ ಒಂದೇ ಸಂಗತಿ. ಯಾರು, ಎಲ್ಲಿ ಹೇಳಿದರು ಅನ್ನುವುದು ಎರಡನೆಯದಕ್ಕೆ. 'ಗಣ್ಯರ ಹೆಸರಿಲ್ಲದ ಇಂಟ್ರೋ ಯಾರಪ್ಪಾ ಹಾಕ್ತಾರೆ?' ಎಂದರು ಹಿರಿಯರೊಬ್ಬರು.

2023ರ ಜುಲೈನಲ್ಲಿ ಕೋಲಾರ ಎಪಿಎಂಸಿ ಮಾರುಕಟ್ಟೆಯಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿತಲ್ಲ, ಆಗ ನೋಡಬೇಕಿತ್ತು. ಎಲ್ಲರದೂ ಒಂದೇ ಧಾಟಿ: 'ಟೊಮೆಟೊ ಬೆಲೆ ಗಣನೀಯ ಏರಿಕೆ ಕಂಡಿದ್ದು, ರೈತರಲ್ಲಿ ಮಂದಹಾಸ ಮೂಡಿದೆ.' ನಾನು ಬರೆದದ್ದು: 'ಟೊಮೆಟೊ ಬಾಕ್ಸ್ ಎರಡು ಸಾವಿರ ದಾಟಿದೆ, ತುಂಬಿಸಲು ಹಣ್ಣೇ ಇಲ್ಲ.' ಒಂದಕ್ಷರ ಮುಟ್ಟದೆ ಅಚ್ಚಾಯಿತು, ಅದೂ ಪುಟದ ತಲೆಯಲ್ಲಿ. ಅವತ್ತಿನಿಂದ 'ಕಂಡಿದ್ದು', 'ಆಗಿದ್ದು' ಅಂತ ಅಲ್ಪವಿರಾಮ ಹಾಕಿ ಎರಡು ಸುದ್ದಿ ಹೊಲಿಯುವುದನ್ನು ಪೂರ್ತಿ ಬಿಟ್ಟಿದ್ದೇನೆ. ನಮ್ಮ ವಾಕ್ಯ ಉದ್ದವಾಗುವುದು ಜಾಸ್ತಿ ಅಲ್ಲಿಂದಲೇ.

ನಡುವೆ ಇನ್ನೊಂದು ಪರೀಕ್ಷೆ ಮಾಡಿದೆ. ಮನೆಯಲ್ಲಿ ತೆಲುಗು ಮಾತಾಡುವ ಮಂಡಿಯವರಿಗೆ ಇಂಟ್ರೋ ಓದಿ ಹೇಳುವುದು. 'ಹೌದಾ, ಯಾವ ಕೆರೆಗಂತೆ?' ಎಂದು ಕೇಳಿದರೆ ಪಾಸು. ಸುಮ್ನೆ ತಲೆಯಾಡಿಸಿದರೆ ಮತ್ತೆ ಬರೆಯಬೇಕು. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ತುಂಬುವ ಕೆ.ಸಿ. ವ್ಯಾಲಿ ಯೋಜನೆಯ ಸುದ್ದಿಗಳನ್ನು ಹೀಗೇ ತಿದ್ದಿದ್ದು. 'ಯೋಜನೆಯ ಎರಡನೇ ಹಂತ' ಅಂದರೆ ಯಾರೂ ಕಿವಿ ಕೊಡಲ್ಲ, ಕೆರೆಯ ಹೆಸರು ಹೇಳಿದರೆ ಕೈಲಿರುವ ಕೆಲಸ ನಿಲ್ಲಿಸುತ್ತಾರೆ.

ಹೆಡಿಂಗ್ ಹೇಳಿದ್ದನ್ನೇ ಇಂಟ್ರೋ ಮತ್ತೆ ಹೇಳದಂತೆ ಮಾಡಲು ಒಂದು ಉಪಾಯವಿದೆ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಈಗ ತಿಂಗಳಿಗೆ ಐದು-ಆರು ಸಾವಿರ ಬರುತ್ತಿದೆ. ಹೆದ್ದಾರಿ ಅಪಘಾತದ ಸುದ್ದಿಗೆ ಮಾತ್ರ ಈ ದಾರಿ ಪೂರ್ತಿ ಒಗ್ಗಿಲ್ಲ. ಸತ್ತವರ ಸಂಖ್ಯೆ ರಾತ್ರಿಯೊಳಗೆ ಬದಲಾಗುತ್ತದೆ. ಅದಕ್ಕೇ ಅಲ್ಲಿ ಮೊದಲ ವಾಕ್ಯದಲ್ಲಿ ಜಾಗ, ಡಿಕ್ಕಿಯಾದ ವಾಹನಗಳು. ಸಂಖ್ಯೆ ಪೊಲೀಸರು ಖಚಿತಪಡಿಸಿದ ಮೇಲೆಯೇ.