ಹಿಮದಲ್ಲಿ ಎಟಿವಿ: ಟೈರಿಗೆ ಚೈನ್ ಹಾಕುವುದು ಹೇಗೆ?

ಎಟಿವಿ ಎಂದರೆ ಒರಟು ನೆಲದಲ್ಲಿ ಓಡುವ, ಹ್ಯಾಂಡಲ್ ಇರುವ ನಾಲ್ಕು ಚಕ್ರದ ಸಣ್ಣ ವಾಹನ. ಅದರ ಟೈರಿನ ದಪ್ಪ ಹಲ್ಲುಗಳು ಕೆಸರಿನಲ್ಲಿ ನೆಲವನ್ನು ಅಗೆದು ಹಿಡಿಯುತ್ತವೆ. ಗಟ್ಟಿ ಮಂಜುಗಡ್ಡೆಯನ್ನು ರಬ್ಬರ್ ಅಗೆಯಲಾರದು, ಸುಮ್ನೆ ಜಾರುತ್ತದೆ. ಅಲ್ಲಿ ಕಚ್ಚಿ ಹಿಡಿಯಲು ಉಕ್ಕೇ ಬೇಕು, ಅದಕ್ಕೇ ಟೈರಿನ ಸುತ್ತ ಉಕ್ಕಿನ ಚೈನ್ ಹಾಕುವುದು. ಆದರೆ ಸಡಿಲವಾಗಿ ಹಾಕಿದ ಚೈನ್‌ಗಿಂತ ಚೈನ್ ಇಲ್ಲದಿರುವುದೇ ಮೇಲು. ಅದು ಬಿಚ್ಚಿಕೊಂಡು ಬ್ರೇಕ್ ಪೈಪನ್ನು ಕಿತ್ತುಹಾಕಬಹುದು.

ಮೊದಲು ಅಳತೆ. ಟೈರಿನ ಪಕ್ಕದಲ್ಲಿ 25×8-12 ಎಂಬಂಥ ಗುರುತು ಇರುತ್ತದೆ. ಎತ್ತರ 25, ಅಗಲ 8, ರಿಮ್ 12 ಇಂಚು ಎಂದು ಅರ್ಥ. ಎಷ್ಟೋ ಎಟಿವಿಗಳಲ್ಲಿ ಹಿಂದಿನ ಟೈರ್ ಹೆಚ್ಚು ಅಗಲ, ಹಾಗಾಗಿ ಹಿಂದೆ ಮುಂದೆ ಎರಡನ್ನೂ ಓದಿಕೊಳ್ಳಿ. ಟೈರಿನ ಮೇಲೆ ಅಡ್ಡಲಾಗಿ ಬರುವ ಸರಪಳಿಗಳು ಪಕ್ಕದ ಸರಪಳಿಯ ಪ್ರತಿ 2 ಕೊಂಡಿಗೆ ಒಂದರಂತೆ ಇದ್ದರೆ ಹಿಡಿತ ಜಾಸ್ತಿ, ಕುಲುಕಾಟ ಕಡಿಮೆ. 4 ಕೊಂಡಿಗೆ ಒಂದರಂತೆ ಇರುವುದು ಹಗುರ, ಅಗ್ಗ. ಬರೀ ಮಂಜುಗಡ್ಡೆಯ ಮೇಲೆ ಓಡಾಡುವವರು ಅಡ್ಡ ಕೊಂಡಿಗಳಿಗೆ ಉಕ್ಕಿನ ಮೊನೆ ಬೆಸೆದಿರುವ ವಿ-ಬಾರ್ ಚೈನನ್ನೇ ಕೊಳ್ಳಲಿ.

ನಾಲ್ಕೂ ಚಕ್ರಕ್ಕೆ ಹಾಕಿದರೆ ಒಳ್ಳೆಯದು. ಒಂದೇ ಜೊತೆ ಇದ್ದರೆ ಸಾಮಾನ್ಯವಾಗಿ ಹಿಂದಕ್ಕೆ ಹಾಕುತ್ತಾರೆ. ಎಳೆಯುವ ಶಕ್ತಿ ಸಿಗುತ್ತದೆ, ಆದರೆ ಹ್ಯಾಂಡಲ್ ತಿರುಗಿಸಿದರೂ ಮುಂದಿನ ಚಕ್ರ ನೇರವಾಗಿಯೇ ಜಾರಬಹುದು. ಮುಂದೆ ಮಾತ್ರ ಹಾಕಿದರೆ ಇಳಿಜಾರಿನಲ್ಲಿ ಹಿಂಭಾಗ ಸುತ್ತಿಕೊಂಡು ಬರುತ್ತದೆ. ಇದು ಇನ್ನೂ ಅಪಾಯ.

ಸಮತಟ್ಟಾದ ಜಾಗದಲ್ಲಿ ಎಂಜಿನ್ ಆರಿಸಿ, ಉಳಿದ ಚಕ್ರಗಳಿಗೆ ಅಡ್ಡ ಕೊಟ್ಟು, ಚೈನ್ ಹಾಕುವ ಚಕ್ರವನ್ನು ಜಾಕ್‌ನಿಂದ ಎತ್ತಿ. ಟೈರಿನ ಗಾಳಿಯನ್ನು ಸ್ವಲ್ಪ ಇಳಿಸಿ. ಚೈನನ್ನು ನೆಲದ ಮೇಲೆ ಹರಡಿ, ತಿರುಚಿದ್ದನ್ನೆಲ್ಲ ಬಿಡಿಸಿ. ಅಡ್ಡ ಸರಪಳಿಯ ಕೊಕ್ಕೆಗಳ ಬಾಯಿ ಟೈರಿನಿಂದ ಹೊರಮುಖವಾಗಿರಬೇಕು. ಇಲ್ಲದಿದ್ದರೆ ಅವು ರಬ್ಬರನ್ನು ಕೊರೆಯುತ್ತವೆ. ಚೈನನ್ನು ಟೈರಿನ ಮೇಲೆ ಹೊದಿಸಿ, ಚಕ್ರವನ್ನು ಕೈಯಲ್ಲಿ ತಿರುಗಿಸುತ್ತಾ ಸಮ ಮಾಡಿ. ಮೊದಲು ಒಳಬದಿ ಸಿಕ್ಕಿಸಿ, ಆಮೇಲೆ ಹೊರಬದಿ ಎಳೆದು ಸಿಕ್ಕಿಸಿ. ಎರಡೂ ಬದಿಯಲ್ಲಿ ಮಿಗುವ ಕೊಂಡಿಗಳ ಸಂಖ್ಯೆ ಒಂದೇ ಇರಲಿ, ಇಲ್ಲವಾದರೆ ಓಡುವಾಗ ಚೈನ್ ಒಂದು ಪಕ್ಕಕ್ಕೆ ಸರಿಯುತ್ತದೆ. ಮಿಕ್ಕ ತುದಿಯನ್ನು ತಂತಿಯಿಂದ ಬಿಗಿದು ಕಟ್ಟಿ. ಹೊರಬದಿಗೆ ರಬ್ಬರ್ ಟೆನ್ಷನರ್ (ಚೈನನ್ನು ಬಿಗಿಯಾಗಿ ಎಳೆದಿಡುವ ರಬ್ಬರ್ ಪಟ್ಟಿ) ಹಾಕಿ.

ಈಗ ಗಾಳಿಯನ್ನು ಮತ್ತೆ ತುಂಬಿಸಿ. ಟೈರ್ ಉಬ್ಬಿದಂತೆ ಚೈನ್ ಬಿಗಿಯಾಗುತ್ತದೆ. ಎಷ್ಟೋ ಎಟಿವಿಗಳ ಟೈರಿಗೆ ಬೇಕಾದದ್ದು 5 ಪಿಎಸ್‌ಐ ಆಸುಪಾಸು ಮಾತ್ರ. ಕಾರಿನ ಗೇಜ್ ಅಷ್ಟು ಕಡಿಮೆ ಒತ್ತಡವನ್ನು ಸರಿಯಾಗಿ ತೋರಿಸದು, ಕಡಿಮೆ ಒತ್ತಡದ ಗೇಜ್ ಇಟ್ಟುಕೊಳ್ಳಿ. ವಾಹನದ ಮೇಲೆ ಬರೆದಿರುವ ಅಂಕಿಯನ್ನು ಮೀರಬೇಡಿ.

ಮುಂದಿನ ಚಕ್ರಕ್ಕೆ ಹಾಕಿದ್ದರೆ ಇನ್ನೊಂದು ಕೆಲಸವಿದೆ, ಇದನ್ನು ಬಿಡಲೇಬೇಡಿ. ಜಾಕ್ ಇಳಿಸಿ, ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಬಂಪರ್ ಒತ್ತಿ ಕುಲುಕಿ. ಬ್ರೇಕ್ ಪೈಪ್, ಸ್ಟೀರಿಂಗ್ ರಾಡ್, ಶಾಕ್ ಅಬ್ಸಾರ್ಬರ್‌ಗಳಿಗೆ ಚೈನ್ ತಾಗುವಂತಿದ್ದರೆ ಆ ಚೈನ್ ಅಲ್ಲಿಗೆ ಬೇಡ.

ನಿಧಾನವಾಗಿ ಸ್ವಲ್ಪ ದೂರ ಓಡಿಸಿ, ನಿಲ್ಲಿಸಿ, ಮತ್ತೆ ಬಿಗಿ ಮಾಡಿ. ಹೊಸ ಚೈನ್ ಮೊದಲ ಸುತ್ತಿನಲ್ಲೇ ಸಡಿಲವಾಗುತ್ತದೆ. ವೇಗ ಎಷ್ಟಿರಬೇಕೆಂದು ಚೈನ್ ಜೊತೆ ಬಂದ ಚೀಟಿಯಲ್ಲಿರುತ್ತದೆ, ಅದನ್ನು ಪಾಲಿಸಿ. ಚಕ್ರ ಹಿಡಿತವಿಲ್ಲದೆ ನಿಂತಲ್ಲೇ ಸುತ್ತತೊಡಗಿದರೆ ಥ್ರಾಟಲ್ ಬಿಡಿ. ಗಿರಗಿರ ತಿರುಗುವ ಚಕ್ರ ಒಮ್ಮೆಲೇ ಹಿಡಿತ ಪಡೆದರೆ ಆಕ್ಸಲ್ಲೇ ಮುರಿಯಬಹುದು. ಡಾಂಬರಿನ ಮೇಲೆ ಓಡಿಸಿದರೆ ಚೈನ್ ಬೇಗ ಸವೆಯುತ್ತದೆ.

ಹೆಪ್ಪುಗಟ್ಟಿದ ಕೆರೆಯ ಮೇಲೆ ಹೋಗುವವರು ಇದನ್ನು ಗಮನಿಸಿ: ಚೈನ್ ಹಿಡಿತ ಕೊಡುತ್ತದೆಯೇ ಹೊರತು ಮಂಜುಗಡ್ಡೆಯನ್ನು ಗಟ್ಟಿ ಮಾಡುವುದಿಲ್ಲ. ಅಮೆರಿಕದ ಮಿನ್ನೆಸೋಟಾ ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆ ಸಣ್ಣ ಎಟಿವಿಗೆ ಕನಿಷ್ಠ 5ರಿಂದ 7 ಇಂಚು ದಪ್ಪದ, ಹೊಸ, ಪಾರದರ್ಶಕ ಮಂಜುಗಡ್ಡೆ ಬೇಕೆನ್ನುತ್ತದೆ. ಬಿಳಿ ಮಂಜುಗಡ್ಡೆಯಾದರೆ ಅದರ ಎರಡರಷ್ಟು. ದಪ್ಪ ಎಲ್ಲೆಡೆ ಒಂದೇ ಇರುವುದಿಲ್ಲ, ದಾರಿಯುದ್ದಕ್ಕೂ ಅಲ್ಲಲ್ಲಿ ಕೊರೆದು ಅಳೆಯುತ್ತಾ ಹೋಗಿ.