ಪಿತ್ತ ನೆತ್ತಿಗೇರುವ ಸ್ವಭಾವವನ್ನು ಕ್ರಿಸ್ತನ ಕೈಗೆ ಒಪ್ಪಿಸುವುದು ಹೇಗೆ?

‘ಹುಟ್ಟುಗುಣ ಸುಟ್ಟರೂ ಹೋಗದು’ ಅನ್ನುತ್ತಾರೆ. ಮನುಷ್ಯರನ್ನು ನಾಲ್ಕು ಸ್ವಭಾವಗಳಾಗಿ ವಿಂಗಡಿಸುವ ಹಳೆಯ ಪದ್ಧತಿಯಲ್ಲಿ, ಬೇಗ ಸಿಡಿಯುವ, ಹಿಡಿದದ್ದನ್ನು ಬಿಡದ ಸ್ವಭಾವಕ್ಕೆ ಕೋಲೆರಿಕ್ ಎಂದು ಹೆಸರು. ಈ ಸ್ವಭಾವದವರು ವಿಶ್ವಾಸಕ್ಕೆ ಬಂದ ಹೊಸದರಲ್ಲಿ ಮಾಡುವ ಮೊದಲ ತಪ್ಪೇ ಆ ಗುಣವನ್ನು ಸುಟ್ಟುಬಿಡಲು ಹೊರಡುವುದು. ಇನ್ನು ಮೇಲೆ ಸಿಟ್ಟೇ ಬರಬಾರದು ಎಂದು ಹಠ ಹಿಡಿಯುತ್ತಾರೆ. ಆ ಹಠವೂ ಅದೇ ಸ್ವಭಾವದ ಕೂಸು ಎಂಬುದು ಹೊಳೆಯುವುದಿಲ್ಲ. ಒಂದು ದಿನ ಮನೆಯಲ್ಲೋ ಸಭೆಯ (ಚರ್ಚಿನ) ಕಮಿಟಿಯಲ್ಲೋ ಸಿಡಿದಾಗ, ತಮ್ಮ ವಿಶ್ವಾಸವೇ ಸುಳ್ಳೇನೋ ಎಂದು ಕುಸಿಯುತ್ತಾರೆ. ದೇವರ ಕೃಪೆ ಸ್ವಭಾವವನ್ನು ಅಳಿಸುವುದಿಲ್ಲ, ಪೂರ್ಣಗೊಳಿಸುತ್ತದೆ ಎಂದು 13ನೇ ಶತಮಾನದಲ್ಲಿ ದೇವತಾಶಾಸ್ತ್ರಜ್ಞ ಥಾಮಸ್ ಅಕ್ವಿನಾಸ್ ಕಲಿಸಿದ್ದು ಇಂಥವರಿಗೇ ಹೇಳಿದಂತಿದೆ.

ನಾಲ್ಕು ಸ್ವಭಾವಗಳ ಈ ವಿಂಗಡಣೆ ಬೈಬಲಿನದಲ್ಲ. ಹಿಪೊಕ್ರೇಟಸನ ಪರಂಪರೆಯ ಗ್ರೀಕ್ ವೈದ್ಯರು ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತ ಎಂದು ದೇಹದಲ್ಲಿ ನಾಲ್ಕು ರಸಗಳನ್ನು ಎಣಿಸಿದರು. 2ನೇ ಶತಮಾನದ ವೈದ್ಯ ಗೇಲನ್ ಅದನ್ನು ಬೆಳೆಸಿದ. ಗ್ರೀಕಿನಲ್ಲಿ ‘ಖೊಲೆ’ ಎಂದರೆ ಪಿತ್ತ, ಕೋಲೆರಿಕ್ ಬಂದದ್ದು ಅಲ್ಲಿಂದ. ‘ಪಿತ್ತ ನೆತ್ತಿಗೇರಿತು’ ಎನ್ನುವ ನಮಗೆ ಇದನ್ನು ಬೇರೆ ವಿವರಿಸಬೇಕಿಲ್ಲ. ರಸಗಳ ಸಿದ್ಧಾಂತವನ್ನು ವೈದ್ಯಶಾಸ್ತ್ರ ಎಂದೋ ಕೈಬಿಟ್ಟಿದೆ. ಉಳಿದಿರುವುದು ಮುಖ ನೋಡಿಕೊಳ್ಳುವ ಒಂದು ಕನ್ನಡಿ. ಕನ್ನಡಿಯನ್ನು ಸಿದ್ಧಾಂತ ಮಾಡಬೇಡಿ, ‘ನಾನಿರುವುದೇ ಹೀಗೆ’ ಎಂಬ ನೆಪವನ್ನಂತೂ ಖಂಡಿತ ಮಾಡಬೇಡಿ.

ಸಿಟ್ಟು ಬಂದವರೆಲ್ಲ ಕೋಲೆರಿಕ್ ಅಲ್ಲ. ಮನಸ್ಸು ಎಷ್ಟು ಬೇಗ ಕದಡುತ್ತದೆ, ಆ ಕದಡು ಎಷ್ಟು ಹೊತ್ತು ಉಳಿಯುತ್ತದೆ ಎಂಬ ಎರಡನ್ನೂ ನೋಡಿ. ಬೇಗ ಕದಡಿ ಬೇಗ ಮರೆಯುವವರು ಸ್ಯಾಂಗ್ವಿನ್: ಬೆಳಿಗ್ಗೆ ಕೂಗಾಡಿ ಮಧ್ಯಾಹ್ನ ಜೊತೆಗೇ ಊಟಕ್ಕೆ ಕೂರುತ್ತಾರೆ. ನಿಧಾನವಾಗಿ ಕದಡಿ ವರ್ಷಗಟ್ಟಲೆ ಕೊರಗುವವರು ಮೆಲಂಕೊಲಿಕ್. ನಿಧಾನವಾಗಿ ಕದಡಿ ಬೇಗ ತಿಳಿಯಾಗುವವರು ಫ್ಲೆಗ್ಮ್ಯಾಟಿಕ್. ಕೋಲೆರಿಕ್ ಬೇಗ ಕದಡುತ್ತಾರೆ, ಬಹಳ ದಿನ ಬಿಡುವುದಿಲ್ಲ. ಆದ್ದರಿಂದಲೇ ಹಿಡಿದ ಕೆಲಸ ಮುಗಿಸುತ್ತಾರೆ, ಹಿಡಿದ ಹಗೆಯನ್ನೂ ಸಾಕುತ್ತಾರೆ. ಕೂಗಾಡದೆ ತಣ್ಣಗೆ ಮಾತು ಬಿಡುವ ಕೋಲೆರಿಕ್ ಕೂಡ ಉಂಟು; ಅವರನ್ನು ಗುರುತಿಸುವುದು ಕಷ್ಟ.

ನಿಮ್ಮದು ಇದೇ ಸ್ವಭಾವವೇ ಎಂದು ತಿಳಿಯಲು ಎರಡು ವಾರ ಒಂದು ಪುಟ್ಟ ನೋಟ್‌ಬುಕ್ ಇಡಿ. ಪ್ರತಿ ಸಲ ಮನಸ್ಸು ಕುದಿದಾಗ ನಾಲ್ಕು ಸಂಗತಿ ಬರೆಯಿರಿ: ಎಷ್ಟು ಗಂಟೆ, ನನಗೆ ಏನಾಗಬೇಕಿತ್ತು, ಯಾರು ಅಡ್ಡ ಬಂದರು, ನನ್ನ ಬಾಯಿಂದ ಏನು ಬಂತು. ಎರಡನೆಯ ಕಲಮಿನಲ್ಲಿ ಮತ್ತೆ ಮತ್ತೆ ‘ನಾನು ಹೇಳಿದ ಹಾಗೆ ಆಗಬೇಕಿತ್ತು’ ಎಂದೇ ಬರುತ್ತಿದ್ದರೆ, ಬೇರು ಸಿಟ್ಟಿನಲ್ಲಿಲ್ಲ. ಅದು ನನ್ನ ಚಿತ್ತವೇ ನೆರವೇರಲಿ ಎಂಬ ಆಸೆಯಲ್ಲಿದೆ. ಕರ್ತನ ಪ್ರಾರ್ಥನೆಯ ‘ನಿನ್ನ ಚಿತ್ತವು ನೆರವೇರಲಿ’ ಎಂಬ ಸಾಲು ಕೋಲೆರಿಕ್ ಬಾಯಲ್ಲಿ ಅತ್ಯಂತ ಭಾರವಾದದ್ದು.

ಪೌಲನನ್ನು ಬೈಬಲ್ ಎಲ್ಲೂ ಕೋಲೆರಿಕ್ ಎಂದು ಕರೆಯುವುದಿಲ್ಲ, ಆದರೂ ಬೋಧಕರು ಅವನನ್ನೇ ತೋರಿಸುತ್ತಾರೆ. ಮನೆಮನೆ ಹೊಕ್ಕು ವಿಶ್ವಾಸಿಗಳನ್ನು ಎಳೆದು ಸೆರೆಗೆ ಹಾಕಿಸುತ್ತಿದ್ದ ಸೌಲನ (ಪೌಲನ ಇನ್ನೊಂದು ಹೆಸರು; ಅಪೊಸ್ತಲರ ಕೃತ್ಯಗಳು, ಅಂದರೆ ಅ. ಕೃ. 8:3) ಹುರುಪು ಕ್ರಿಸ್ತನನ್ನು ಕಂಡ ದಮಸ್ಕದ ದಾರಿಯಲ್ಲಿ ಆರಿಹೋಗಲಿಲ್ಲ, ತಿರುಗಿತು. ಒರಟೂ ಸ್ವಲ್ಪ ಉಳಿಯಿತು: ಅರ್ಧ ದಾರಿಯಲ್ಲಿ ಬಿಟ್ಟುಹೋಗಿದ್ದ ಮಾರ್ಕನನ್ನು ಮತ್ತೆ ಕರೆದೊಯ್ಯುವ ವಿಷಯದಲ್ಲಿ ಜೊತೆ ಸೇವಕ ಬಾರ್ನಬನೊಡನೆ ಎಷ್ಟು ಜಗಳವಾಯಿತೆಂದರೆ ಇಬ್ಬರೂ ಬೇರೆ ಬೇರೆ ದಾರಿ ಹಿಡಿದರು (ಅ. ಕೃ. 15:37-40). ಅದೇ ಪೌಲ 2 ತಿಮೊಥೆಯ 4:11ರಲ್ಲಿ, ಮಾರ್ಕನನ್ನು ಕರೆದುಕೊಂಡು ಬಾ, ಅವನು ಸೇವೆಗೆ ಉಪಯುಕ್ತನು ಎನ್ನುತ್ತಾನೆ. ನೀವು ‘ಇವನಿಂದ ಆಗಲ್ಲ’ ಎಂದು ತಳ್ಳಿಹಾಕಿದವರ ಪಟ್ಟಿ ತೆಗೆದು ನೋಡುವಾಗ ಈ ಎರಡು ವಚನಗಳನ್ನು ಜೊತೆಗಿಟ್ಟು ಓದಿ.

ಕುದಿಯುವ ಹೊತ್ತಿನಲ್ಲಿ ಏನು ಮಾಡಬೇಕೆಂಬುದಕ್ಕೆ ನೆಹೆಮೀಯ 5:6-7ಕ್ಕಿಂತ ಒಳ್ಳೆಯ ಪಾಠ ಇಲ್ಲ. ಬಡವರ ಹೊಲ ಅಡವಾಗಿದೆ, ಮಕ್ಕಳು ದಾಸರಾಗುತ್ತಿದ್ದಾರೆ ಎಂದು ಕೇಳಿ ನೆಹೆಮೀಯನಿಗೆ ಬಹಳ ಕೋಪ ಬಂತು. ಅವನು ಮೊದಲು ಮನಸ್ಸಿನಲ್ಲೇ ಆಲೋಚಿಸಿದ, ಆಮೇಲೆ ತಪ್ಪು ಮಾಡಿದ ಶ್ರೀಮಂತರಿಗೇ ನೇರವಾಗಿ ಹೇಳಿದ. ಮುಂಬಯಿಯಲ್ಲಿ ಈ ನಡುವಿನ ಆಲೋಚನೆಗೆ ಜಾಗ ಸಿಕ್ಕೇ ಸಿಗುತ್ತದೆ: ಡೊಂಬಿವಲಿ, ಕಲ್ಯಾಣದ ಕಡೆಯವರಿಗೆ ಲೋಕಲ್ ರೈಲಿನಲ್ಲಿ ನಿಂತ ಆ ಒಂದು ಗಂಟೆ. ಆಫೀಸಿನ ಕುದಿಯನ್ನು ಒಂದು ಕೋಣೆಯ ಮನೆಗೆ ಹೊತ್ತುಕೊಂಡು ಹೋಗುವ ಮುನ್ನ, ಇದು ಯಾರ ಮೇಲಿನ ಸಿಟ್ಟು ಎಂದು ಅಲ್ಲೇ ತೀರ್ಮಾನಿಸಿ. ಸಭೆಯ ವಾಟ್ಸಾಪ್ ಗುಂಪಿನಲ್ಲಿ ಮಾತ್ರ ಆ ಹೊತ್ತಿನಲ್ಲಿ ಏನನ್ನೂ ಹಾಕಬೇಡಿ, ವಾಯ್ಸ್ ಮೆಸೇಜಂತೂ ಬೇಡವೇ ಬೇಡ. ಸಿಟ್ಟಿನಲ್ಲಿ ಕೊಯ್ದ ಮೂಗು ಆಮೇಲೆ ಬಂದೀತೇ? ‘ಸೂರ್ಯ ಮುಳುಗುವ ಮುಂಚೆ ಸಿಟ್ಟು ತೀರಲಿ’ (ಎಫೆಸ 4:26) ಎಂಬುದನ್ನು ಕೋಲೆರಿಕ್ ತಪ್ಪಾಗಿ ಓದಿ, ರಾತ್ರಿ ಹನ್ನೊಂದಕ್ಕೇ ಜಗಳ ತೀರಿಸಿಬಿಡಲು ಕೂರುತ್ತಾರೆ. ಆ ವಚನ ಕೋಪವನ್ನು ಮಲಗಿಸಿ ಸಾಕಬೇಡಿ ಎನ್ನುತ್ತದೆ. ‘ನನಗೆ ಬೇಜಾರಾಗಿದೆ, ನಿನ್ನ ಮೇಲೆ ಹಗೆಯಿಲ್ಲ, ನಾಳೆ ಮಾತಾಡೋಣ’ ಎಂದರೆ ಸಾಕು.

ಹಳೆಯ ಗೋವಾದಲ್ಲಿ ಪಾರ್ಥಿವ ಶರೀರವಿರುವ ಫ್ರಾನ್ಸಿಸ್ ಜೇವಿಯರ್‌ಗೆ ಗುರುವಾಗಿದ್ದ, ಮೊದಲು ಸೈನಿಕನಾಗಿದ್ದ ಇಗ್ನೇಷಿಯಸ್ ಲೊಯೊಲಾ ಒಂದು ಅಭ್ಯಾಸ ಕಲಿಸಿದ. ಯಾವ ಪಂಗಡದವರಾದರೂ ಮಾಡಬಹುದು. ಬೆಳಿಗ್ಗೆ ಎದ್ದಾಗ ಒಂದೇ ಒಂದು ದೋಷವನ್ನು ಆರಿಸಿ, ಉದಾಹರಣೆಗೆ ಇನ್ನೊಬ್ಬರ ಮಾತನ್ನು ಮಧ್ಯದಲ್ಲಿ ಕತ್ತರಿಸುವುದು. ಮಧ್ಯಾಹ್ನದ ಊಟದ ನಂತರ ನೆನಪಿಸಿಕೊಂಡು, ತಪ್ಪಿದಷ್ಟು ಚುಕ್ಕೆ ಒಂದು ಗೆರೆಯ ಮೇಲೆ. ರಾತ್ರಿ ಊಟದ ನಂತರ ಎರಡನೆಯ ಗೆರೆಯ ಮೇಲೆ. ತಪ್ಪಿದ ಕ್ಷಣದಲ್ಲೇ ಎದೆಯ ಮೇಲೆ ಕೈಯಿಟ್ಟು ಪಶ್ಚಾತ್ತಾಪ ಪಡಬೇಕು. ನಾಲ್ಕು ಜನರೆದುರು ಮಾಡಿದರೂ ಯಾರಿಗೂ ತಿಳಿಯದು. ಮಧ್ಯಾಹ್ನಕ್ಕಿಂತ ರಾತ್ರಿ, ನಿನ್ನೆಗಿಂತ ಇವತ್ತು ಚುಕ್ಕೆ ಕಡಿಮೆಯಾಗಿದೆಯೇ ಎಂದು ಹೋಲಿಸಿ. ಗುರಿಯಿಟ್ಟು ಕೆಲಸ ಮಾಡುವುದು ಕೋಲೆರಿಕ್‌ಗೆ ಒಗ್ಗುವುದರಿಂದ ಇದು ಹಿಡಿಯುತ್ತದೆ. ಅಪಾಯವೂ ಅಲ್ಲೇ ಇದೆ: ಚುಕ್ಕೆ ಕಡಿಮೆಯಾದಂತೆ ಹೆಮ್ಮೆ ಹೆಚ್ಚಬಹುದು. ಹಾಗಾಗಿ ಪ್ರಾರ್ಥನೆಯನ್ನು ಕೃತಜ್ಞತೆಯಿಂದ ಶುರುಮಾಡಿ.

ಕ್ಷಮೆ ಕೇಳುವುದರಲ್ಲಿ ಇವರು ಎಡವುವುದು ಎರಡು ಪದಗಳಲ್ಲಿ: ‘ತಪ್ಪಾಗಿದ್ದರೆ’ ಮತ್ತು ‘ಆದರೆ’. ಎರಡನ್ನೂ ಬಿಡಿ. ಮಾಡಿದ್ದನ್ನು ಹೆಸರಿಟ್ಟು ಹೇಳಿ: ‘ನಿನ್ನೆ ಹಾಡಿನ ಅಭ್ಯಾಸದಲ್ಲಿ ನಿಮ್ಮನ್ನು ದಡ್ಡ ಎಂದೆ, ಅದು ತಪ್ಪು.’ ನಾಲ್ಕು ಜನರೆದುರು ಅವಮಾನಿಸಿದ್ದರೆ ಆ ನಾಲ್ವರ ಎದುರೇ ಕೇಳಬೇಕು. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಹೋಗಿ ಸಮಾಧಾನವಾಗು ಎಂದ ಯೇಸು (ಮತ್ತಾಯ 5:23-24) ಸೇವೆಯನ್ನೇ ಕಾಯಿಸಿದ್ದಾನೆ. ಸೇವೆ ಹೆಚ್ಚು ಮಾಡಿ ಕ್ಷಮೆಯ ಬಾಕಿ ತೀರಿಸುವುದು ಕೋಲೆರಿಕ್ ತಂತ್ರ.

ಕೆಲಸ ಹಂಚುವುದಕ್ಕೆ ವಿಮೋಚನಕಾಂಡ 18 ಓದಿ. ಒಬ್ಬನೇ ಬೆಳಗಿನಿಂದ ಸಂಜೆಯವರೆಗೆ ನ್ಯಾಯ ತೀರಿಸುತ್ತಿದ್ದ ಮೋಶೆಗೆ ಮಾವ ಇತ್ರೋ 1000, 100, 50, 10 ಜನರಿಗೆ ಒಬ್ಬೊಬ್ಬ ನಾಯಕನನ್ನು ಇಡು ಎಂದ. ಕ್ರಿಸ್ಮಸ್ ಕಾರ್ಯಕ್ರಮ ಹಂಚುವಾಗ ಏನಾಗಬೇಕು, ಯಾವ ತಾರೀಕಿಗೆ ಎಂದು ಹೇಳಿ. ಹೇಗೆ ಎಂಬುದನ್ನು ಅವರಿಗೆ ಬಿಡಿ. ನಡುವೆ ಒಮ್ಮೆ ಮಾತ್ರ ವಿಚಾರಿಸಿ. ಕೊಟ್ಟ ಕೆಲಸ ಕಿತ್ತುಕೊಂಡರೆ ಮುಂದಿನ ವರ್ಷ ಯಾರೂ ಕೈ ಎತ್ತುವುದಿಲ್ಲ.

ಹೊಡೆತ, ಬೆದರಿಕೆ, ಹಣ ತಡೆಹಿಡಿಯುವುದು ಸ್ವಭಾವವಲ್ಲ, ಪಾಪ. 2005ರ ಕೌಟುಂಬಿಕ ಹಿಂಸೆ ಕಾಯ್ದೆಯ ವ್ಯಾಪ್ತಿಗೂ ಬರುತ್ತದೆ. ‘ತಾಳಿಕೋ, ಪ್ರಾರ್ಥಿಸು’ ಎಂದಷ್ಟೇ ಹೇಳಿ ಯಾರನ್ನೂ ಮನೆಗೆ ಹಿಂದಕ್ಕೆ ಕಳಿಸಬೇಡಿ. ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಶಾಂತವಾಗಿದ್ದವರು ಇದ್ದಕ್ಕಿದ್ದಂತೆ ಸಿಡುಕತೊಡಗಿದರೆ ನಿದ್ದೆ, ಥೈರಾಯ್ಡ್, ಕುಡಿತ ಯಾವುದೂ ಕಾರಣವಾಗಿರಬಹುದು, ವೈದ್ಯರಿಗೆ ತೋರಿಸಿ.

ಹಿಂಸೆಯಿಲ್ಲದ ಮನೆಯಲ್ಲಿ ಕೋಲೆರಿಕ್ ಜೊತೆ ಬಾಳುವವರು ತಿರುಗಿ ಕೂಗಬೇಡಿ, ವಾರಗಟ್ಟಲೆ ಮೌನವನ್ನೂ ಹಿಡಿಯಬೇಡಿ. ಮೊದಲನೆಯದನ್ನು ಅವರು ಯುದ್ಧ ಎಂದೂ ಎರಡನೆಯದನ್ನು ಗೆಲುವು ಎಂದೂ ಎಣಿಸುತ್ತಾರೆ. ಲೋಕಲ್ ಇಳಿದು ಬಂದ ಕೂಡಲೇ ಅಲ್ಲ, ಊಟವಾದ ಮೇಲೆ, ಒಂದೇ ವಿಷಯವನ್ನು ಎರಡು ವಾಕ್ಯದಲ್ಲಿ ಹೇಳಿ ಉತ್ತರಕ್ಕೆ ನಾಳೆಯವರೆಗೆ ಸಮಯ ಕೊಡಿ.