ಆನ್‌ಲೈನಲ್ಲಿ ತರ್ಸಿದ್ದು ಸೈಜಲ್ಲಿ ಕೈ ಕೊಡಬಾರ್ದು ಅಂದ್ರೆ

ಟೇಬಲ್ ಅಂತ ಆರ್ಡರ್ ಮಾಡಿದ್ರೆ ಗೊಂಬೆ ಮನೆಗಾಗೋ ಟೇಬಲ್ ಬರೋದು, ಕಾರ್ಪೆಟ್ ಅಂತ ತರ್ಸಿದ್ದು ಕಾಲೊರೆಸೋ ಮ್ಯಾಟಿನಷ್ಟೇ ಇರೋದು, ಇಂಥ ಫೋಟೋ ನೋಡಿ ಎಲ್ರೂ ನಗ್ತೀವಿ. ಆದ್ರೆ ತುಂಬಾ ಸಲ ಮಾರೋರು ಸುಳ್ಳೇನೂ ಹೇಳಿರಲ್ಲ, ಅಳತೆ ಕೆಳಗಡೆ ಬರ್ದೇ ಇರುತ್ತೆ, ನಾವೇ ಫೋಟೋ ನೋಡ್ಕೊಂಡು ಕಾರ್ಟಿಗೆ ಹಾಕಿರ್ತೀವಿ. ಬಿಳಿ ಬ್ಯಾಕ್‌ಗ್ರೌಂಡಲ್ಲಿ ಒಂದೇ ವಸ್ತು ಇಟ್ಟು ತೆಗೆದ್ರೆ ಗೇಣುದ್ದದ ಡಬ್ಬಿನೂ ಮೊಳದುದ್ದದ ಡಬ್ಬಿನೂ ಒಂದೇ ಥರ ಸ್ಕ್ರೀನ್ ತುಂಬ ಕಾಣ್ಸುತ್ತೆ. ಪಕ್ಕದಲ್ಲಿ ಸೋಫಾನೋ ಹೂಕುಂಡನೋ ಇದ್ರೂ ಪೂರ್ತಿ ನಂಬೋ ಹಂಗಿಲ್ಲ, ಎಷ್ಟೋ ಸಲ ಅದು ಕಂಪ್ಯೂಟರಲ್ಲಿ ಅಂಟಿಸಿದ ಚಿತ್ರ.

ಹಂಗಾಗಿ ಫೋಟೋ ನೋಡಿ ಬಣ್ಣ ಡಿಸೈನ್ ಡಿಸೈಡ್ ಮಾಡಿ ಸಾಕು, ಸೈಜಿಗೆ ನಂಬರ್ ಮಾತ್ರ ನೋಡಿ. ನಂಬರ್ ಓದಿ ಸುಮ್ನಾದ್ರೂ ಪ್ರಯೋಜನ ಇಲ್ಲ, ಟೇಪ್ ತಗೊಂಡು ಆ ವಸ್ತು ಇಡೋ ಜಾಗದಲ್ಲೇ ಅಳೀಬೇಕು. ಕಾರ್ಪೆಟ್, ಮೇಜು, ಕಪಾಟು ಇಂಥದ್ದಕ್ಕೆ ನೆಲದ ಮೇಲೆ ಹಳೇ ಪೇಪರ್ ಹಾಸಿ ಅಷ್ಟೇ ಉದ್ದ ಅಗಲ ಮಾಡ್ಕೊಳ್ಳಿ, ಅದ್ರ ಸುತ್ತ ಒಂದ್ಸಲ ಓಡಾಡಿ, ಬಾಗಿಲು ತೆಗೆದು ನೋಡಿ, ಚೇರ್ ಹಿಂದಕ್ಕೆ ಎಳೆದು ನೋಡಿ. ಇಷ್ಟ್ ಮಾಡಿದ್ರೆ ಅರ್ಧಕ್ಕರ್ಧ ತಪ್ಪು ಇಲ್ಲೇ ನಿಲ್ಲುತ್ತೆ. ಟೇಪ್ ಸಿಗ್ಲಿಲ್ವಾ, ಎ4 ಹಾಳೆ 29.7 ಸೆಂಟಿಮೀಟರ್ ಉದ್ದ, 21 ಅಗಲ. ಸಣ್ಣ ವಸ್ತುಗೆ ಎಟಿಎಂ ಕಾರ್ಡ್ ಇಟ್ಕೊಳ್ಳಿ, ಅದು ಹತ್ರಹತ್ರ 8.6 ಬೈ 5.4 ಸೆಂಟಿಮೀಟರ್.

ನಂಬರ್ ಓದೋದ್ರಲ್ಲೂ ಜನ ಎಡವ್ತಾರೆ. ಇಂಚಾ ಸೆಂಟಿಮೀಟರಾ ಅಂತ ಮೊದ್ಲು ನೋಡಿ, ಒಂದಿಂಚು ಅಂದ್ರೆ 2.54 ಸೆಂಟಿಮೀಟರ್, 30 ಅಂತ ಇದ್ದಿದ್ದನ್ನ ಇಂಚು ಅನ್ಕೊಂಡ್ರೆ 76 ಸೆಂಟಿಮೀಟರಿನ ವಸ್ತುಗೆ ಕಾಯ್ತಾ ಕೂತಿರ್ತೀರ, ಬರೋದು ಸ್ಕೂಲ್ ಮಕ್ಕಳ ಸ್ಕೇಲಿನಷ್ಟು. ಫರ್ನಿಚರಲ್ಲಿ ಮಿಲಿಮೀಟರಲ್ಲಿ ಕೊಡೋದೂ ಉಂಟು. ಮೂರು ನಂಬರ್ ಇದ್ರೆ ಯಾವ್ದು ಉದ್ದ ಯಾವ್ದು ಎತ್ತರ ಅನ್ನೋದಕ್ಕೆ ಎಲ್ರೂ ಒಂದೇ ಆರ್ಡರ್ ಫಾಲೋ ಮಾಡಲ್ಲ. ಇನ್ನೊಂದು, ಕೆಲವು ಕಡೆ ಇರೋದು ಪ್ಯಾಕಿಂಗ್ ಬಾಕ್ಸಿನ ಅಳತೆ, ಒಳಗಿರೋ ವಸ್ತುದಲ್ಲ. ಡಬ್ಬಿ ಬುಟ್ಟಿಗಳಲ್ಲಿ ಮಾತ್ರ ಲೆಕ್ಕ ಇನ್ನೂ ಮೋಸದ್ದು, ಉದ್ದ ಅಗಲ ಎತ್ತರ ಮೂರೂ ಅರ್ಧ ಆದ್ರೆ ಒಳಗೆ ಹಿಡಿಸೋದು ಅರ್ಧ ಅಲ್ಲ, ಎಂಟನೇ ಒಂದು ಭಾಗ! ಅದಕ್ಕೇ ಲೀಟರ್ ಕೊಟ್ಟಿದ್ರೆ ಅದನ್ನೇ ನೋಡಿ.

ಟಿವಿ ಸೈಜು ಅಂದ್ರೆ ಸ್ಕ್ರೀನಿನ ಮೂಲೆಯಿಂದ ಮೂಲೆಗೆ. 43 ಇಂಚಿನ ಟಿವಿ ಸ್ಕ್ರೀನ್ ಅಗಲ ಸುಮಾರು 95 ಸೆಂಟಿಮೀಟರ್ ಬರುತ್ತೆ, ಫ್ರೇಮ್ ಬೇರೆ. ಲ್ಯಾಪ್‌ಟಾಪ್ ಬ್ಯಾಗ್ ಮೇಲಿರೋ 15.6 ಕೂಡ ಸ್ಕ್ರೀನಿಂದೇ, ನಿಮ್ಮ ಲ್ಯಾಪ್‌ಟಾಪ್ ದಪ್ಪ ಇದ್ರೆ ಜಿಪ್ ಎಳೆಯೋಕೆ ಒದ್ದಾಡ್ಬೇಕಾಗ್ಬೋದು.

ಬಟ್ಟೆಗೆ ಬಂದ್ರೆ ಎಂ, ಎಲ್ ಅನ್ನೋ ಅಕ್ಷರಗಳಿಗೆ ಬ್ರ್ಯಾಂಡಿಗೊಂದು ಅರ್ಥ, ಬಿಟ್ಬಿಡಿ ಅದನ್ನ. ನಿಮಗೆ ಸರಿಯಾಗಿ ಕೂರೋ ಶರ್ಟ್ ಒಂದನ್ನ ಮಂಚದ ಮೇಲೆ ಚಪ್ಪಟೆಯಾಗಿ ಹಾಸಿ ಕಂಕುಳಿಂದ ಕಂಕುಳಿಗೆ ಅಳೆದು ಡಬಲ್ ಮಾಡಿ, 50 ಬಂದ್ರೆ ಎದೆ 100 ಸೆಂಟಿಮೀಟರ್. ಆಮೇಲೆ ಸೈಜ್ ಚಾರ್ಟಲ್ಲಿರೋದು ಬಟ್ಟೆಯ ಅಳತೆನಾ ಅಥ್ವಾ ಮೈ ಅಳತೆನಾ ಅಂತ ನೋಡಿ, ಬಟ್ಟೆದಾದ್ರೆ ಇದನ್ನ ಹೋಲಿಸಿ, ಮೈದಾದ್ರೆ ಟೇಪನ್ನ ಎದೆ ಸುತ್ತ ಹಾಕಿ ಅಳೀರಿ. ನನ್ನ ಪ್ರಕಾರ ಎಲ್ಲಕ್ಕಿಂತ ಜಾಸ್ತಿ ರಿಟರ್ನ್ ಆಗೋಕೆ ಈ ಗೊಂದಲ ಒಂದೇ ಸಾಕು. ಶೂಗೆ ಸಾಯಂಕಾಲ ಅಳೀರಿ, ದಿನವೆಲ್ಲ ಓಡಾಡಿ ಪಾದ ಸ್ವಲ್ಪ ಊದಿರುತ್ತೆ. ಹಿಮ್ಮಡಿ ಗೋಡೆಗೆ ತಾಗಿಸಿ ಹಾಳೆ ಮೇಲೆ ನಿಂತ್ಕೊಂಡು ಉದ್ದದ ಬೆರಳ ಮುಂದೆ ಗೆರೆ ಎಳೀರಿ, ಎರಡೂ ಕಾಲಿಗೆ, ದೊಡ್ಡದನ್ನ ತಗೊಳ್ಳಿ. ಯುಕೆ 8 ಅಂದ್ರೆ ಗಂಡಸರ ಯುಎಸ್ ಸೈಜಲ್ಲಿ ಹೆಚ್ಚುಕಮ್ಮಿ 9, ಬರೀ ನಂಬರ್ ನೋಡಿ ಒತ್ಬೇಡಿ.

ಬೆಡ್‌ಶೀಟಲ್ಲೂ ಇದೇ ಕತೆ, ಕಿಂಗ್ ಸೈಜ್ ಹಾಸಿಗೆ ಅಂದ್ರೆ ಬ್ರಿಟನ್ನಲ್ಲಿ 150 ಬೈ 200 ಸೆಂಟಿಮೀಟರ್, ಅಮೆರಿಕದಲ್ಲಿ ಸುಮಾರು 193 ಬೈ 203. ಎಲಾಸ್ಟಿಕ್ ಇರೋ ಶೀಟಾದ್ರೆ ಹಾಸಿಗೆ ದಪ್ಪನೂ ಅಳೀರಿ.

ಫ್ರಿಜ್ಜು, ಸೋಫಾ ತರ್ಸೋರು ಇಡೋ ಜಾಗ ಅಳೆದು ನಿಲ್ಲಿಸ್ಬೇಡಿ, ಮುಂಬಾಗ್ಲು, ಲಿಫ್ಟ್, ಮೆಟ್ಟಿಲು ತಿರುಗೋ ಜಾಗ ಎಲ್ಲ ಅಳೀರಿ.

ಆರ್ಡರ್ ಒತ್ತೋಕ್ ಮುಂಚೆ ರಿವ್ಯೂನಲ್ಲಿ ಜನ ಹಾಕಿರೋ ಫೋಟೋ ನೋಡಿ, ಯಾರಾದ್ರೂ ಕೈಯಲ್ಲಿ ಹಿಡ್ಕೊಂಡು ತೆಗ್ದಿದ್ರೆ ಕಂಪನಿ ಫೋಟೋ ಹತ್ತಕ್ಕಿಂತ ಅದೊಂದೇ ವಾಸಿ. ಅಳತೆ ಇರೋ ಪೇಜನ್ನ ಸ್ಕ್ರೀನ್‌ಶಾಟ್ ತೆಗೆದಿಟ್ಕೊಳ್ಳಿ. ಬಂದಿದ್ದು ಅದಕ್ಕೆ ಮ್ಯಾಚ್ ಆಗ್ಲಿಲ್ಲ ಅಂದ್ರೆ ಟ್ಯಾಗ್ ಕೀಳದೆ, ವಸ್ತು ಮೇಲೆ ಟೇಪ್ ಹಿಡಿದು ನಂಬರ್ ಕಾಣೋ ಹಂಗೆ ಫೋಟೋ ತೆಗೆದು ರಿಟರ್ನ್ ರಿಕ್ವೆಸ್ಟ್ ಜೊತೆ ಹಾಕಿ.